ಉಜ್ಜಿದ ಹಿತ್ತಾಳೆ

"ನಿಧಾನ ಮಾರಾಯ್ರೇ, ನಿಧಾನ!" ಶವಪೆಟ್ಟಿಗೆಯ ಮುಂದಿನ ಮೂಲೆ ಹಿಡಿದಿದ್ದ ಫೋಲ್ಕೆ ಏದುಸಿರು ಬಿಟ್ಟ. "ಜೇಬಿನ ತುಂಬ ಸೀಸ ತುಂಬ್ಕೊಂಡೇ ಹೊರಟಿದಾನೆ ಇವ್ನು."

"ಒಂಬತ್ತು-ಮೂರರ ಮನುಷ್ಯ. ಭಾರ ಇರ್ದೆ ಇನ್ನೇನು?" ಹಿಂದಿನಿಂದ ಯೊರಾನ್ ಅಂದ.

"ಅದಕ್ಕೇ ಬಡ್ಕೊಂಡೆ, ಆರೂವರೆಗೆ ಬಾ, ಆರೂವರೆಗೆ ಬಾ ಅಂತ. ಕೇಳಿದ್ನಾ?"

ಹೊತ್ತಿದ್ದ ಆರೂ ಜನ ನಗು ತಡೆಯಲು ಹೋಗಿ ಪೆಟ್ಟಿಗೆಯೇ ಅಲುಗಾಡಿತು. ಪಾದ್ರಿ ತುಟಿ ಕಚ್ಚಿಕೊಂಡು ಕೆರೆಯ ಕಡೆ ತಿರುಗಿದ. ಹಿಂದೆ ಬರುತ್ತಿದ್ದ ಸತ್ತವನ ಹೆಂಡತಿ ಹಿಲ್ಲೆವಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಅಳುತ್ತಿದ್ದಾಳೆಂದು ಮಗಳು ಓಸಾ ಅವಳ ತೋಳು ಹಿಡಿದಳು. ಹಿಲ್ಲೆವಿ ಅಳುತ್ತಿರಲಿಲ್ಲ.

ಸ್ವೀಡನ್ನಿನ ಯೆಮ್ಟ್‌ಲ್ಯಾಂಡಿನ ಆ ಊರಿನಲ್ಲಿ ಮೂಸ್ ಬೇಟೆ ಶುರುವಾಗಲು ಒಂದು ವಾರ ಉಳಿದಿತ್ತು. ಕುದುರೆಗಿಂತ ಎತ್ತರದ ಆ ಪ್ರಾಣಿಯನ್ನು ಕೆಡವಲು ಎಂಥ ತೋಟಾ ಬೇಕು ಎನ್ನುವುದರ ಮೇಲೆ ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಅಲ್ಗೊಟ್ ಮತ್ತು ಫೋಲ್ಕೆ ಮದುವೆಗೆ ಮುಂಚಿನಿಂದಲೂ ಜಗಳವಾಡುತ್ತ ಬಂದಿದ್ದರು. ಅಲ್ಗೊಟ್‌ನ ಕೋವಿಯ ಗುಂಡು ಒಂಬತ್ತು-ಮೂರು, ಅಂದರೆ ಒಂಬತ್ತು ಮಿಲಿಮೀಟರಿಗೂ ದಪ್ಪ, ಫೋಲ್ಕೆಯದು ಆರೂವರೆ. "ನಿನ್ನದು ದರ್ಜಿಯ ಸೂಜಿ," ಎನ್ನುತ್ತಿದ್ದ ಅಲ್ಗೊಟ್. "ಚುಚ್ಚಿದ್ದು ಮೂಸ್‌ಗೇ ಗೊತ್ತಾಗಲ್ಲ. ನಿಧಾನವಾಗಿ ಹೋಗೋ ದಪ್ಪ ಗುಂಡು ನೋಡು, ಕೆಡವುತ್ತೆ, ಮಾಂಸಾನೂ ಹಾಳು ಮಾಡಲ್ಲ." ಫೋಲ್ಕೆ ಬಿಡುತ್ತಿರಲಿಲ್ಲ: "ನಿನ್ನದು ಒದೆಯೋ ಕತ್ತೆ. ಮೂಸ್ ಬೀಳೋಕೆ ಮುಂಚೆ ನೀನೇ ಬಿದ್ದಿರ್ತೀಯ." ಇಷ್ಟಾದರೂ ಫೋಲ್ಕೆಯ ಆರೂವರೆಯ ತೋಟಾಗಳನ್ನೂ ತುಂಬಿಕೊಡುತ್ತಿದ್ದವನು ಅಲ್ಗೊಟ್‌ನೇ. ಬೇಟೆಗೆ ಮುಂಚಿನ ಭಾನುವಾರ ಯೊರಾನ್ ಸೇರಿ ಬೇಟೆ ತಂಡದವರೆಲ್ಲ ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಜೇಬಿನಲ್ಲಿ ಹಾಕಿಕೊಂಡು ಬಂದು, ಕಾಫಿ ಕುಡಿದು, ಅವನ ಮುಂದೆ ಸುರಿದು ಹೋಗುತ್ತಿದ್ದರು.

ಇವತ್ತೂ ಭಾನುವಾರವೇ. ಕಾಫಿಯೂ ಅದೇ ಅಂಗಳದಲ್ಲಿ.

"ಅಮ್ಮ, ಯೊರಾನ್ ಟ್ರೇಲರ್ ತಂದಿದಾನೆ," ಏಲಕ್ಕಿ ಬನ್ನಿನ ಬುಟ್ಟಿ ಇಡುತ್ತ ಓಸಾ ಹೇಳಿದಳು. "ಅಂಗಳದಾಚೆ ಬೇಕರಿಮನೇಲಿ ಅಪ್ಪ ತೋಟಾ ತುಂಬ್ತಿದ್ದ ಆ ಬೆಂಚು, ತಕ್ಕಡಿ, ಒತ್ತುಯಂತ್ರ ಎಲ್ಲ ಕಾಫಿ ಆದ್ಮೇಲೆ ಒಯ್ತಾನೆ. ನಿಂಗ್ಯಾಕೆ ಇನ್ಮೇಲೆ ಆ ಮದ್ದುಗುಂಡು?"

ಹಿಲ್ಲೆವಿ ಕಾಫಿ ಬಗ್ಗಿಸುತ್ತ ಹೋದಳು. ಲೋಟ ತುಂಬಿ ಚೆಲ್ಲಿತು.

* * *

ಮೂರು ಶರತ್ಕಾಲಗಳ ಹಿಂದೆ, ಬೇಟೆಯ ಮೊದಲ ಬೆಳಿಗ್ಗೆ, ದೊಡ್ಡ ಕೊಂಬಿನ ಮೂಸ್ ಒಂದು ಅಲ್ಗೊಟ್ ಕೂತಿದ್ದ ಜಾಗಕ್ಕೇ ನಡೆದು ಬಂದಿತ್ತು. ಅವನು ಗುರಿಯಿಟ್ಟು ಕೋವಿಯ ಕುದುರೆ ಎಳೆದ. ಕೋವಿ 'ಟಿಕ್' ಎಂದಿತು. ಮೂಸ್ ತಲೆಯೆತ್ತಿ ಅವನನ್ನೇ ನೋಡಿ, ಬರ್ಚ್ ಎಲೆ ಅಗಿಯುತ್ತ ನಡೆದುಹೋಯಿತು. ತಳದಲ್ಲಿ ಕಿಡಿ ಹಾರಿಸುವ ಕೇಪು ಮಾತ್ರ ಸಿಡಿದಿತ್ತು. ತೋಟಾದೊಳಗೆ ಮದ್ದೇ ಇರಲಿಲ್ಲ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು.

ಆ ಸಂಜೆ ಬೆಂಚಿನ ಮುಂದೆ ಅವನು ತಲೆ ಬಗ್ಗಿಸಿ ಕೂತಿದ್ದ. "ಮಧ್ಯದಲ್ಲಿ ಎಲ್ಲಾ ಮಂಜು ಕಣೇ. ತೋಟಾದ ಅಂಚು ಕಾಣ್ಸತ್ತೆ, ಒಳಗೆ ಮದ್ದು ಬಿತ್ತೋ ಇಲ್ವೋ ಕಾಣ್ಸಲ್ಲ. ನನ್ನದಾಯ್ತು, ಹೋಗ್ಲಿ. ಫೋಲ್ಕೆ ತೋಟಾಕ್ಕೆ ಎರಡು ಸಲ ಮದ್ದು ಹಾಕಿಬಿಟ್ರೆ? ಅವನ ಮುಖಾನೇ ಹಾರಿಹೋಗತ್ತೆ."

"ಆ ಮುಖಕ್ಕೆ ದೊಡ್ಡ ನಷ್ಟವೇನಿಲ್ಲ," ಅಂದಳು ಹಿಲ್ಲೆವಿ. ಅವನು ನಗಲಿಲ್ಲ. ಅವಳು ಹೆಣಿಗೆ ಕೆಳಗಿಟ್ಟಳು. "ಏಳು. ಆ ಕುರ್ಚಿ ಬಿಡು."

"ನೀನಾ?"

"ಯಾಕೆ, ನನ್ನ ಹತ್ರ ಪರವಾನಗಿ ಇಲ್ವಾ, ಕೋವಿ ಇಲ್ವಾ?"

ಇದ್ದವು. ಕೋವಿ ಅವಳ ಅಪ್ಪನದು. ಆರೂವರೆ. ಆ ವಿಷಯ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಂದಿನಿಂದ ಅವನು ಕಿಟಕಿಯ ಬಳಿ, ಅವಳು ಬೆಂಚಿನ ಮುಂದೆ. ಹಳೆಯ ಕೇಪು ತಳ್ಳುವುದು, ಹೊಸದು ಕೂರಿಸುವುದು, ಮದ್ದು ತೂಗಿ ಸುರಿಯುವುದು, ದೀಪ ಹಿಡಿದು ಪ್ರತಿಯೊಂದರೊಳಗೂ ಇಣುಕಿ ಆಮೇಲೆ ಗುಂಡು ಒತ್ತುವುದು. ತಪ್ಪು ಹುಡುಕಲು ಅವನು ಕಿವಿ ನಿಮಿರಿಸಿ ಕೂರುತ್ತಿದ್ದ. ಸಿಗದಿದ್ದರೆ, ಏಲಕ್ಕಿ ಕುಟ್ಟಿದ ಕೈಯಲ್ಲಿ ತೋಟಾ ತುಂಬಿದರೆ ಮೂಸ್ ಘಮಘಮ ಅಂತ ಸಾಯುತ್ತೆ ಎಂದು ರೇಗಿಸುತ್ತಿದ್ದ. ಅವಳು ನಗುತ್ತ ನಗುತ್ತ ತಕ್ಕಡಿ ಅಲುಗಿಸಿ, ಮತ್ತೆ ಮೊದಲಿನಿಂದ ತೂಗುತ್ತಿದ್ದಳು. ಒಟ್ಟಿಗೆ ಬಾಳಿದ ಇಷ್ಟು ಕಾಲದಲ್ಲಿ ಅವರು ಅಷ್ಟು ಮಾತಾಡಿದ್ದೇ ಇಲ್ಲ.

"ಫೋಲ್ಕೆಗೆ ಮಾತ್ರ ಹೇಳ್ಬೇಡ," ಅನ್ನುತ್ತಿದ್ದ. "ಸತ್ರೂ ಹೇಳ್ಬೇಡ."

* * *

"ಒಂದು ಮಾತು ಒಪ್ಕೋಬೇಕು," ಫೋಲ್ಕೆ ಬನ್ನು ಅಗಿಯುತ್ತ ಹೇಳುತ್ತಿದ್ದ. "ಈ ಮೂರು ವರ್ಷ ಅವ್ನು ತುಂಬಿದ ಹಾಗೆ ಯಾವತ್ತೂ ತುಂಬಿರಲಿಲ್ಲ. ಇಟ್ಟ ಕಡೆ ಗುಂಡು. ಒಂದರ ತೂತಲ್ಲಿ ಇನ್ನೊಂದು."

"ಇನ್ನು ಅಂಗಡಿ ತೋಟಾನೇ ಗತಿ," ಯೊರಾನ್ ಎದ್ದು ಕೈ ಒರೆಸಿಕೊಂಡ. "ಸರಿ, ಹಿಲ್ಲೆವಿ, ಬೆಂಚು ಎತ್ತೋಣ್ವಾ?"

"ಬೇಡ."

ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. ಓಸಾ ತಿರುಗಿದಳು. "ಅಮ್ಮ?"

ಹಿಲ್ಲೆವಿಯ ಕಿವಿಗಳು ಕೆಂಪಾದವು. ಸತ್ರೂ ಹೇಳ್ಬೇಡ ಎಂದಿದ್ದ. ಸತ್ತವನು ಅವನು, ಬೆಂಚು ಹೋಗುತ್ತಿರುವುದು ಅವಳದು.

"ಮೂರು ವರ್ಷದಿಂದ ಅಲ್ಗೊಟ್ ಒಂದು ತೋಟಾನೂ ತುಂಬಿಲ್ಲ," ಅಂದಳು. "ಅವನಿಗೆ ಕಣ್ಣು ಕಾಣ್ತಿರಲಿಲ್ಲ. ತುಂಬಿದ್ದು ನಾನು."

ಫೋಲ್ಕೆ ಕರಿಕೋಟಿನ ಜೇಬಿಗೆ ಕೈಹಾಕಿ ಒಂದು ಖಾಲಿ ತೋಟಾ ತೆಗೆದು ಅವಳ ಲೋಟದ ಪಕ್ಕ ನಿಲ್ಲಿಸಿದ. ಅದು ಚರ್ಚಿನ ದೀಪದ ಕಂಬದ ಹಾಗೆ ಫಳಫಳ ಹೊಳೆಯುತ್ತಿತ್ತು.

"ಹಿಲ್ಲೆವಿ, ಅವ್ನು ತುಂಬ್ತಿದ್ದಾಗ ನನ್ನ ತೋಟಾ ಒಲೆಯೊಳಗಿಂದ ತೆಗೆದ ಹಾಗೆ ಕಪ್ಪಗಿರ್ತಿತ್ತು. ಒಂದು ವರ್ಷ ಇದ್ದಕ್ಕಿದ್ದ ಹಾಗೆ ಹೀಗೆ ಬಂತು. ಜನ್ಮದಲ್ಲಿ ಕಾಫಿ ಲೋಟ ತೊಳೀದವನು ಹಿತ್ತಾಳೆ ಉಜ್ತಾನಾ?"

"ಹಾಗಾದ್ರೆ... ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು. ಹೇಳಿದ್ರೆ ಅವ್ನು ಬೇಜಾರು ಮಾಡ್ಕೊಳ್ತಿದ್ದ."

"ನಂಗೆ ಗೊತ್ತಿರಲಿಲ್ಲ," ಯೊರಾನ್ ಪೆಚ್ಚಾಗಿ ಅಂದ.

"ನಿಂಗೆ ಮೂಸ್ ಎದುರಿಗೆ ಬಂದು ನಿಂತ್ರೂ ಗೊತ್ತಾಗಲ್ಲ."

ಅಂಗಳವೆಲ್ಲ ನಕ್ಕಿತು. ಯೊರಾನ್ ತಾನೂ ನಗುತ್ತ ಜೇಬಿಗೆ ಕೈಹಾಕಿದ. ಅಭ್ಯಾಸಬಲದಿಂದ ಎಲ್ಲರೂ ಶವಸಂಸ್ಕಾರದ ಕೋಟಿನಲ್ಲೇ ಖಾಲಿ ತೋಟಾ ಹಾಕಿಕೊಂಡು ಬಂದಿದ್ದರು. ತೆಗೆದಿಡಲು ನಾಚಿಕೊಂಡು ಕೂತಿದ್ದರು, ಅಷ್ಟೆ. ಓಸಾ ಅಮ್ಮನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಉಳಿದ ಬನ್ನುಗಳನ್ನು ತಟ್ಟೆಗೆ ಸುರಿದು, ಖಾಲಿ ಬುಟ್ಟಿಯನ್ನು ಮೇಜಿನ ಮೇಲೆ ಹಿಡಿದಳು. ಹಿತ್ತಾಳೆ ಝಣಝಣ ಬಿತ್ತು.

"ಅಪ್ಪನ ಹಾಗೆ ನೀನೂ ಒಂಬತ್ತು-ಮೂರರ ಪಕ್ಷಾನಾ ಅಮ್ಮ?"

"ನನ್ನ ಕೋವಿ ಆರೂವರೆ," ಅಂದಳು ಹಿಲ್ಲೆವಿ.

ಫೋಲ್ಕೆ ಎದ್ದು ನಿಂತು, ಸಮಾಧಿಯಿದ್ದ ಗುಡ್ಡದ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗಿಟ್ಟು ಕೂಗಿದ: "ಕೇಳಿಸ್ತೇನೋ, ಅಲ್ಗೊಟ್?"

ಬೇಕರಿಮನೆಯೊಳಗೆ ಷೂ ಹಾಕಿಕೊಂಡು ಬರಬಾರದೆಂಬುದು ಅಲ್ಗೊಟ್‌ನ ಕಟ್ಟುನಿಟ್ಟು. ಹೊಸ್ತಿಲ ಹೊರಗೆ ಕರಿ ಷೂಗಳ ಸಾಲು ನಿಂತಿತು. ಒಳಗೆ, ಕಾಲುಚೀಲದಲ್ಲಿ, ಕಾಫಿ ಲೋಟ ಹಿಡಿದು ಗಂಡಸರು ಉಸಿರು ಬಿಗಿಹಿಡಿದು ನಿಂತಿದ್ದರು. ಹಿಲ್ಲೆವಿ ಶೋಕದ ಉಡುಪಿನ ತೋಳು ಮಡಚಿ, ಬುಟ್ಟಿಯಿಂದ ಒಂದು ತೋಟಾ ತೆಗೆದು, ಅದಕ್ಕೆ ಅಂಟಿದ್ದ ಸಕ್ಕರೆ ಹರಳನ್ನು ಊದಿ, ಯಂತ್ರದ ಹಿಡಿಕೆ ಕೆಳಗೆಳೆದಳು. ಹಳೆಯ ಕೇಪು ತಗಡಿನ ಡಬ್ಬಿಯೊಳಗೆ ಬಿದ್ದು 'ಟಿಣ್' ಎಂದಿತು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.