ಮಲಕವ್ವನ ದರ

ಬೋರವ್ವ ಅವ್ವನ ಬಲಗೈಯನ್ನು ಕಂಬಳಿಯ ಮೇಲೆ ಚಾಚಿ, ಅಂಗೈಗೆ ದೇವರ ಭಂಡಾರದ ಅರಿಶಿನ ಹಚ್ಚುತ್ತಿದ್ದಳು.

"ಕೈ ಒಳಗ ಹಾಕಬೇ, ಬಿಳಿ ಅರಿವಿ ಹೊಚ್ಚು. ಹೊತ್ತಾಗತೈತಿ," ಎಂದು ಕಾಕಾ ಶಂಕರೆಪ್ಪ ಅವಸರಿಸಿ ಅಂಗಳಕ್ಕಿಳಿದ.

ಏನು ಅವಸರವೋ ಈ ಮನುಷ್ಯನಿಗೆ! ಅವ್ವ ಮಲಕವ್ವ ಬೆಳಗಿನ ಜಾವವಷ್ಟೇ ಸತ್ತಿದ್ದಳು. ಗಂಡ ಹೋದ ಮೇಲೆ ಕುರಿ ಕಾಯ್ದು ಮಗಳನ್ನು ಬೆಳೆಸಿದವಳು. ಆ ಮಗಳು ಗಂಡನ ಮನೆ ಬಿಟ್ಟು ಬಂದಾಗ ಅದೇ ಹಿಂಡಿನ ಮೇಲೆ ಅವಳಿಗೂ ರೊಟ್ಟಿ ಹುಟ್ಟಿಸಿದವಳು. ಇನ್ನು ಬೋರವ್ವನಿಗೆ ಉಳಿದದ್ದು ದೊಡ್ಡಿಯಲ್ಲಿ ಒದರುತ್ತಿದ್ದ ಆ ಕುರಿಗಳಷ್ಟೇ.

"ಎಂಥಾ ಬಾಯಿ ಇತ್ತಬೇ ನಿಮ್ಮವ್ವಗ! ಸಂತಿಗೆ ಸಂತಿನ ತಿರುಗಿ ನೋಡತಿತ್ತು," ಎಂದು ನೆರೆಮನೆಯ ದುಂಡವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಬೋರವ್ವ ಬಾಗಿಲಾಚೆ ನೋಡಿದಳು. ಬೇವಿನ ಗಿಡದ ಕೆಳಗೆ ಕಾಕಾ, ಬಬಲೇಶ್ವರದ ಕುರಿ ದಲಾಲಿ ಗೊಲ್ಲಾಳಪ್ಪನ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದ. ನಡುವೆ ಒಂದು ಟವೆಲ್. ಇಬ್ಬರ ಬಲಗೈಗಳೂ ಅದರ ಕೆಳಗೆ. ಟವೆಲ್ ಮಿಸುಕುತ್ತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಹೆಣ ಇನ್ನೂ ಮನೆಯೊಳಗಿತ್ತು!

* * *

ಹಿಂದೆ, ನಯಾಪೈಸೆ ನಾಣ್ಯ ಬಂದ ವರ್ಷ. ಬಬಲೇಶ್ವರದ ಸಂತೆಯಲ್ಲಿ ಇದೇ ಗೊಲ್ಲಾಳಪ್ಪ ಮಲಕವ್ವನ ಕೈಮೇಲೆ ಟವೆಲ್ ಹಾಸಿದ್ದ. ಅದರ ಕೆಳಗೆ ಬೆರಳು ಹಿಡಿದು ದರ ಹೇಳುವುದು ಅಲ್ಲಿಯ ರೂಢಿ, ಒಂದು ಬೆರಳಿಗೆ ಹತ್ತು ರೂಪಾಯಿ. ವಿಜಾಪುರದ ಗಿರಾಕಿ ಎಷ್ಟು ಕೊಟ್ಟನೆಂದು ಮಾರುವವರಿಗೆ ಗೊತ್ತಿಲ್ಲ. ಮಾರಿದವರಿಗೆ ಎಷ್ಟು ಸಿಕ್ಕಿತೆಂದು ಗಿರಾಕಿಗೆ ಗೊತ್ತಿಲ್ಲ. ಎರಡೂ ಗೊತ್ತಿದ್ದವನು ದಲಾಲಿ ಒಬ್ಬನೇ. ನಡುವಿನದ್ದೆಲ್ಲ ಅವನ ಹೊಟ್ಟೆಗೆ.

ಮಲಕವ್ವ ಕೈ ಕಿತ್ತುಕೊಂಡಳು. "ಬಾಯಿಲೆ ಹೇಳೋ ಯಪ್ಪಾ."

"ರೂಢಿ ಐತಿಬೇ. ಕೈ ಕೊಡು."

"ನಾ ಕುರಿ ಮುಚ್ಚಿ ತಂದೇನೇನು? ನೀ ಯಾಕ ದರ ಮುಚ್ಚತಿ?"

ಅಂದು ದಲಾಲಿಗಳು ಒಬ್ಬ ಗಿರಾಕಿಯನ್ನೂ ಅವಳ ಹತ್ತಿರ ಬಿಡಲಿಲ್ಲ. ಸುಡುಬಿಸಿಲಲ್ಲಿ ಕುರಿಗಳನ್ನು ತಿರುಗಿ ಹೊಡೆದುಕೊಂಡು ಬರುವಾಗ ಬೋರವ್ವ ನಾಚಿಕೆಗೆ ಅತ್ತಿದ್ದಳು. ಮುಂದಿನ ಸಂತೆಯಲ್ಲಿ ಅವ್ವ ಕಲ್ಲಿನ ಮೇಲೆ ನಿಂತು ದರ ಕೂಗಿದಳು. ಅದು ಗಿರಾಕಿ ದಲಾಲಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆ, ದಲಾಲಿ ಕುರಿಯವರಿಗೆ ಕೊಡುತ್ತಿದ್ದುದಕ್ಕಿಂತ ಹೆಚ್ಚು ಎಂದು ಆಮೇಲೆ ತಿಳಿಯಿತು. ವಿಜಾಪುರದವನೊಬ್ಬ ನೆಟ್ಟಗೆ ಅವಳ ಬಳಿಗೇ ಬಂದ. ಆಮೇಲಾಮೇಲೆ ಟವೆಲ್ಲಿಗೆ ಕೈ ಕೊಡುವವರೂ ಮೊದಲು ಕೇಳತೊಡಗಿದರು: "ಇವತ್ತ ಮಲಕವ್ವನ ದರ ಎಷ್ಟೈತಿ?"

* * *

ಬೋರವ್ವ ಹಳದಿ ಕೈಯಲ್ಲೇ ಅಂಗಳಕ್ಕೆ ಬಂದಳು. "ಕಾಕಾ, ಏನ್ ನಡದೈತಿ?"

"ಮಣ್ಣ ಮಾಡೂ ಖರ್ಚ ಯಾರ ನೋಡಬೇಕು? ಹೆಣ್ಣಮಗಳು ನೀ, ಕುರಿ ಹಿಂದ ಎಲ್ಲಿ ತಿರಗತಿ? ನಾ ವ್ಯವಸ್ಥಾ ಮಾಡಾಕತ್ತೇನಿ. ಒಳಗ ಹೋಗು."

ಅವಳು ಟವೆಲ್ ಹಿಡಿದು ಎಳೆದೇಬಿಟ್ಟಳು. ಗೊಲ್ಲಾಳಪ್ಪನ ಮುಷ್ಟಿಯಲ್ಲಿ ಕಾಕಾನ ಎರಡು ಬೆರಳು ಇನ್ನೂ ಸಿಕ್ಕಿಕೊಂಡಿದ್ದವು. ನೆರೆದವರೆಲ್ಲ ಸಂತೆ ಕಂಡ ಜನ, ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಕುರಿಗೆ ಇಪ್ಪತ್ತ ರೂಪಾಯಿ?" ದುಂಡವ್ವ ಹೊಸ್ತಿಲಲ್ಲೇ ಒದರಿದಳು. "ಹ್ವಾದ ಸಂತ್ಯಾಗ ಮಲಕವ್ವನ ದರ ಮೂವತ್ತೈದಿತ್ತಲ್ಲೋ! ಆಕಿ ಕಣ್ಣ ಮುಚ್ಚೂದಕ್ಕ ಕಾಯ್ತಿದ್ರೇನು?"

ಗೊಲ್ಲಾಳಪ್ಪ ಬೆರಳು ಬಿಟ್ಟ.

"ಮಂದ್ಯಾಗ ಮರ್ಯಾದಿ ಕಳೀತಿಯೇನಬೇ?" ಎಂದ ಕಾಕಾ.

"ಮರ್ಯಾದಿ ಇದ್ದಾವ ಕೈ ಮುಚ್ಚತಾನೇನು? ಕುರಿ ನನ್ನವು ಕಾಕಾ. ಮಾರೂದಿಲ್ಲ. ಮಾರೂ ದಿನ ಸಂತ್ಯಾಗ ನಿಂತು ಕೂಗತೇನಿ. ಕಿವಿ ಇದ್ರ ಕೇಳು."

ಟವೆಲ್ಲನ್ನು ಅಲ್ಲೇ ಮಣ್ಣಿಗೆ ಒಗೆದು ಒಳಗೆ ಬಂದಳು. ಅಷ್ಟರಲ್ಲಿ ಯಾರೋ ಅವ್ವನಿಗೆ ಕೊರಳಿನಿಂದ ಕಾಲಿನವರೆಗೆ ಅರಿವೆ ಹೊಚ್ಚಿ ಮುಗಿಸಿದ್ದರು. ಬೋರವ್ವ ಬಲಗೈಯನ್ನು ಮೆಲ್ಲಗೆ ಹೊರಗೆಳೆದು, ಅರಿವೆಯ ಮೇಲೆ ಅಂಗೈ ಮೇಲಾಗಿ ಇಟ್ಟಳು.

ಚಟ್ಟ ಎತ್ತುವಾಗ ಅದನ್ನು ಒಳಗೆ ಹಾಕೆಂದು ಯಾರೂ ಅನ್ನಲಿಲ್ಲ. ಮುಂದೆ ಹೆಗಲು ಕೊಟ್ಟಿದ್ದ ಕಾಕಾನೂ ಅನ್ನಲಿಲ್ಲ. ಬೇವಿನ ಗಿಡದ ಕೆಳಗಿದ್ದ ಗೊಲ್ಲಾಳಪ್ಪ ಹಿಂದೆ ಸರಿದು ದಾರಿ ಬಿಟ್ಟ. ಅವನ ಮುಂದೆಯೇ, ಭಂಡಾರ ಬಳಿದ ಮಲಕವ್ವನ ಅಂಗೈ ಬಿಸಿಲಿಗೆ ತೆರೆದುಕೊಂಡು ಹೋಯಿತು.