ಬೈಗುಳ ಕೇಳದ ಜೀವಕೋಶಗಳು

ಆ ದರ್ಜಿ ಹೆಂಗಸಿನ ಬಾಯಿ ಒಂದು ಕಾಲಕ್ಕೆ ಇಡೀ ಬೀದಿಗೇ ಹೆಸರುವಾಸಿ. ಗಿರಾಕಿಯಿರಲಿ, ಗಂಡನಿರಲಿ, ತಪ್ಪು ಕಂಡರೆ ನೀರಿಳಿಸಿಯೇ ಬಿಡುತ್ತಿದ್ದಳು. ಕಾಲೇಜಿಗೆ ಹೋಗುತ್ತಿದ್ದ ಮಗನಿಗೆ ಯಾರೂ ಇಲ್ಲದ ಕಡೆ ದನಿಗಳು ಕೇಳಿಸತೊಡಗಿ, ವೈದ್ಯರು ಸ್ಕಿಜೋಫ್ರೇನಿಯಾ ಎಂದಾಗ ನಾದಿನಿ ಒಂದೇ ಮಾತು ಅಂದಳು: "ನಿನ್ನ ಬಾಯಿಗೇ ಹುಡುಗನ ತಲೆ ಕೆಟ್ಟಿದ್ದು." ನಾದಿನಿಯದು ಎಲುಬಿಲ್ಲದ ನಾಲಿಗೆ, ಆಡಿ ಮರೆತುಬಿಟ್ಟಿತು. ಈಕೆ ಮರೆಯಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡಳು. ಮಗ ಹಾಲು ಉಕ್ಕಿಸಿದರೂ "ಪರವಾಗಿಲ್ಲ ಕಂದ", ಒದ್ದೆ ಟವೆಲ್ಲನ್ನು ಹಾಸಿಗೆಗೆಸೆದರೂ "ಪರವಾಗಿಲ್ಲ ಕಂದ".

ಮಾತ್ರೆಗಳಿಂದ ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಮಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ. ಆ ಕಾಯಿಲೆಯ ಸಂಶೋಧನೆಗೆಂದು ತೋಳಿನ ಚರ್ಮದ ಚೂರೊಂದನ್ನೂ ಕೊಟ್ಟ. ಅದರಿಂದ ಬೆಳೆಸಿದ್ದನ್ನು ನೋಡಲು ಪ್ರಯೋಗಾಲಯದವರು ಕರೆದಾಗ ತಾಯಿಯನ್ನೂ ಹೊರಡಿಸಿದ. ತನ್ನ ತಪ್ಪಿಗೆ ಅಲ್ಲಿ ಸಾಕ್ಷಿ ಸಿಕ್ಕಿಬಿಟ್ಟರೆ ಎಂದು ಅಳುಕುತ್ತಲೇ ಹೊರಟಳು.

ಸಂಶೋಧಕಿ ಪರದೆಯ ಮೇಲೆ ಎರಡು ಚಿತ್ರ ತೋರಿಸಿದಳು. "ಚರ್ಮದ ಕೋಶಗಳನ್ನೇ ಮಿದುಳಿನ ಕೋಶಗಳಾಗಿ ಬೆಳೆಸಿದ್ದೀವಿ. ಈ ಕಡೆ ಕಾಯಿಲೆ ಇಲ್ಲದವರದ್ದು, ಆ ಕಡೆ ನಿಮ್ಮ ಮಗನದ್ದು." ಮೊದಲನೆಯದರಲ್ಲಿ ಕೋಶದಿಂದ ಕೋಶಕ್ಕೆ ಎಳೆಗಳು ಒತ್ತಾಗಿ ಹೆಣೆದುಕೊಂಡಿದ್ದವು, ಮಗನದ್ದರಲ್ಲಿ ಅಲ್ಲೊಂದು ಇಲ್ಲೊಂದು.

"ಮೇಡಂ, ಇವು ನಮ್ಮಮ್ಮನ ಹತ್ರ ಬೈಸ್ಕೊಂಡಿವೆಯಾ?" ಎಂದ ಮಗ.

ಸಂಶೋಧಕಿ ನಕ್ಕಳು. "ಎಲ್ಲಿಂದ ಬೈಸ್ಕೊಳ್ತಾವೆ? ಹುಟ್ಟಿದ್ದೇ ನಮ್ಮ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ. ಯಾರ ಮಾತೂ ಕೇಳಿಲ್ಲ, ಆದ್ರೂ ಕೊಂಡಿ ಕಮ್ಮಿ." ಆಮೇಲೆ ತಾಯಿಯ ಮುಖ ನೋಡಿ ಮೆತ್ತಗೆ ಹೇಳಿದಳು: "ಕಾರಣ ಎಲ್ಲಾ ನಮಗೂ ಗೊತ್ತಿಲ್ಲಮ್ಮ. ಆದ್ರೆ ತಾಯಿ ಬೈದ್ರೆ ಬರೋ ಕಾಯಿಲೆ ಅಲ್ಲ ಇದು. ಹೊಸ ಔಷಧಿಗಳನ್ನ ಈಗ ಇದೇ ಕೋಶಗಳ ಮೇಲೆ ಪರೀಕ್ಷೆ ಮಾಡ್ತಿದ್ದೀವಿ."

ಆಕೆ ಅಲ್ಲೇ ಕುರ್ಚಿಯಲ್ಲಿ ಕೂತು ಮನಸಾರೆ ಅತ್ತಳು. ಅಳಲಿ ಬಿಡಿ, ಎಷ್ಟು ವರ್ಷದ ಭಾರ!

ಹೊರಗೆ ಬಂದವನೇ ಮಗ ಫೋನು ನೋಡುತ್ತಾ ರಸ್ತೆಗಿಳಿದ. ಬಸ್ಸೊಂದು ಸರ್ರನೆ ಬಂತು. ಆಕೆ ಅಂಗಿ ಹಿಡಿದು ಎಳೆದಳು.

"ಕಣ್ಣು ಎಲ್ಲಿಟ್ಟಿದ್ದೀಯೋ, ಕತ್ತೆ! ಇಷ್ಟು ದೊಡ್ಡವನಾದ್ರೂ ರಸ್ತೆ ದಾಟೋಕೆ ಬರಲ್ವಾ?"

ಬೈದು ತಾನೇ ಬೆಚ್ಚಿದಳು. ಕೈ ಬಾಯಿಗೆ ಹೋಯಿತು.

ಮಗ ಆ ಕೈ ಹಿಡಿದು ಕೆಳಗಿಳಿಸಿದ. "ನಿಲ್ಲಿಸ್ಬೇಡಮ್ಮ. ನೀನು ಸುಮ್ಮನಾದ್ಮೇಲೆ ಮನೇಲಿ ಆ ದನಿಗಳದ್ದೇ ದರ್ಬಾರಾಗಿತ್ತು. ಅವಕ್ಕೆ ಎದುರಾಡೋರೇ ಇರ್ಲಿಲ್ಲ."

"ಹಾಗಾದ್ರೆ ಮೊದಲು ಆ ಫೋನು ಜೇಬಲ್ಲಿಡು," ಎಂದಳು ಆಕೆ. ಬಸ್ ಸ್ಟಾಪು ಮುಟ್ಟುವವರೆಗೂ ಅವನನ್ನು ಬೈಯುತ್ತಲೇ ಇದ್ದಳು.