ಮೊದಲ ಸಾಲಿನ ಅಕ್ಕ

ಎಲೆಗಳಿಗೆ ಎಣ್ಣೆ ಹಚ್ಚಿದ ವಾಸನೆ, ಎಣ್ಣೆಯಲ್ಲ, ಬಾಡಿಗೆ ಗಿಡಗಳು ಕ್ಯಾಮೆರಾದಲ್ಲಿ ಮಿಂಚಲೆಂದು ಅಲಂಕಾರದವರು ಸಿಂಪಡಿಸುತ್ತಿರುವ ಅದೇನೋ ನೀರು, ಹಾಲ್ ತುಂಬ ಕಾರು ತೊಳೆಯುವ ಜಾಗದ ಹಾಗೆ — ಮೇಲೆ ಥಳಕು ಒಳಗೆ ಹುಳುಕು ಅಂತ ಅಕ್ಕ ಅನ್ನದೆ ಬಿಡುತ್ತಾಳೆಯೇ, ಆದರೆ ಅಕ್ಕ ಬರಬೇಕಲ್ಲ ಮೊದಲು, ಹನ್ನೊಂದಕ್ಕೆ ಶುರು, ಈಗ ಹತ್ತೂಮುಕ್ಕಾಲು, ಕಾರ್ಯಕ್ರಮವನ್ನೆಲ್ಲ ಹೊಂದಿಸಿದ ಇವಳು ಕುರ್ಚಿ ಎಣಿಸುವ ನೆಪದಲ್ಲಿ ಬಾಗಿಲನ್ನೇ ನೋಡುತ್ತಾಳೆ. ಕುಂಡದ ಮಣ್ಣು ಮಾರುವ ಕಂಪನಿ, ಗಿಡ ಬೆಳೆಸುವ ವಿಡಿಯೋ ಮಾಡುವ ನಲವತ್ತು ಜನ, ಹತ್ತು ಸಾವಿರ ಫಾಲೋವರ್ಸ್‌ಗಿಂತ ಕಡಿಮೆ ಇರೋರು ಬೇಡ ಅಂತ ಕಂಪನಿಯ ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಹೇಳಿದ್ದ, ಅಕ್ಕನ ಬಕೆಟ್ ತೋಟ ಚಾನೆಲ್ಲಿಗೆ ಇರುವುದು ಮುನ್ನೂರ ಹನ್ನೆರಡು, ಅದರಲ್ಲಿ ಸುಳ್ಳು ಹೆಸರಿನಲ್ಲಿ ಒಬ್ಬಳು ಇವಳೇ — ಒಡೆದ ಬಕೆಟ್‌ನಲ್ಲಿ ಬದನೆ ಗಿಡ, ಮುಖ ಕಾಣಿಸದ ಅಕ್ಕನ ಎರಡು ಕೈ, ಉಗುರಿನಲ್ಲಿ ಮಣ್ಣು, ನೋಡಿ ಹೀಗೆ ಒತ್ತಬೇಕು, ಜಾಸ್ತಿ ಒತ್ತಬಾರದು — ಮೂರು ವರ್ಷದಿಂದ ಆ ದನಿ ಸಿಗುವುದು ಫೋನಿನಲ್ಲಿ ಮಾತ್ರ, ಅದೂ ಮಿಕ್ಕ ಮುನ್ನೂರು ಜನಕ್ಕೆ ಸಿಗುವಷ್ಟೇ. ಆಗ ಭಾವ ಆಸ್ಪತ್ರೆಯಲ್ಲಿದ್ದರು, ಗಿಡಗಳಿಗೆ ಎರಡು ವಾರ ನೀರು ಹಾಕೇ ಅಂತ ಅಕ್ಕ ಬೀಗದಕೈ ಕೊಟ್ಟಳು, ಇವಳು ಹಾಕಿದಳು, ನಾಲ್ಕು ದಿನ, ಐದನೇ ದಿನ ಯಾವುದೋ ಪೇಂಟ್ ಕಂಪನಿಯ ವೇದಿಕೆಗೆ ಗಿಡ ಕಡಿಮೆ ಬಿತ್ತು, ಎರಡೇ ದಿನ ತಾನೇ, ಟೆಂಪೋ ಕಳಿಸಿ ಮೂವತ್ತಾರು ಕುಂಡ ಎತ್ತಿಸಿದಳು, ದೀಪದ ಬಿಸಿಗೆ ಎಲ್ಲಾ ಸುಟ್ಟು ಕರಕಲು, ಅಮ್ಮನ ಗುಲಾಬಿಯ ಕಡ್ಡಿಯಿಂದ ಬಂದದ್ದೂ, ಅಮ್ಮ ಹೋದ ಮೇಲೆ ಉಳಿದಿದ್ದ ಅದೊಂದು. ಅಕ್ಕ ಕೂಗಾಡಲಿಲ್ಲ, ನಿನಗೆ ಎಲ್ಲಾ ಅಲಂಕಾರ ಕಣೇ ಅಂದಳು, ಅಷ್ಟೇ. ತಪ್ಪಾಯ್ತು ಅನ್ನಬೇಕಿದ್ದ ಹೊತ್ತಿನಲ್ಲಿ ಬೇರೆ ತಂದುಕೊಡ್ತೀನಿ ಬಿಡು ಅಂದಳು ಇವಳು, ಆ ಬಾಯಿಗಷ್ಟು ಮಣ್ಣು ಹಾಕ. ಭಾನುವಾರ ಬಂದರೆ ಫೋನಿನಲ್ಲಿ ಎರಡು ಸಾವಿರ ನಂಬರು, ಊಟ ಆಯ್ತಾ ಅಂತ ಕೇಳಲು ಒಂದೂ ಇಲ್ಲ.

ಅದಕ್ಕೇ ಪಟ್ಟಿಯಲ್ಲಿ ಅಕ್ಕನನ್ನು ತೂರಿಸಿದ್ದು, ಆಹ್ವಾನ ಕಂಪನಿಯ ಹೆಸರಿನಲ್ಲಿ ಹೋಯಿತು, ಒಬ್ಬಳೇ ಬರುತ್ತೇನೆ, ಬರುವಾಗ ಏನಾದರೂ ತರಬೇಕೇ ಅಂತ ಉತ್ತರ, ಏನೂ ಬೇಡ, ನೀವು ಬಂದರೆ ಸಾಕು ಅಂತ ಬರೆದಳು, ಒಡಹುಟ್ಟಿದವಳಿಗೆ ನೀವು, ಬೆರಳೇ ನಾಚಿಕೊಂಡಿತು. ಟೀ ಹೊತ್ತಿಗೆ ಪಕ್ಕದಲ್ಲಿ ಹೋಗಿ ನಿಲ್ಲಬೇಕು, ತಪ್ಪಾಯ್ತು ಅನ್ನಬೇಕು, ಇನ್ನೊಂದು ಮಾತು ಸೇರಿಸಬಾರದು, ಇಷ್ಟೇ ಇವಳ ನಿಜವಾದ ಕಾರ್ಯಕ್ರಮ, ಮಣ್ಣು ಗಿಣ್ಣು ಎಲ್ಲಾ ಅದರ ಸುತ್ತಲಿನ ಗದ್ದಲ. ಆದರೆ ಪಟ್ಟಿ ಮಾಡಿದ್ದು ಫೋನಿನಿಂದ, ಫೋನಿನಲ್ಲಿ ಆ ನಂಬರಿಗೆ ಇರುವ ಹೆಸರು ಅಕ್ಕ, ಮುದ್ರಣದವನು ಕಣ್ಣು ಮುಚ್ಚಿ ಹಾಗೇ ಅಚ್ಚು ಹಾಕಿದ, ಎಲ್ಲರ ಬ್ಯಾಡ್ಜಿನ ಮೇಲೆ ಚಾನೆಲ್ಲಿನ ಹೆಸರು, ಒಂದರ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಅಕ್ಕ, ಬೆಳಿಗ್ಗೆ ನೋಡಿದಾಗ ಪೆನ್ನಿನಲ್ಲಿ ತಿದ್ದಬಹುದಿತ್ತು, ಮನಸ್ಸು ಬರಲಿಲ್ಲ, ಮೊದಲ ಸಾಲಿನ ಕುರ್ಚಿಯ ಮೇಲೆ ತಾನೇ ಇಟ್ಟಳು. ಇಟ್ಟು ಕಾಲು ಗಂಟೆಯಾಗಿಲ್ಲ, ಟೆರೇಸ್ ಅಕ್ಕ ಬಂದರು, ಎಂಟು ಲಕ್ಷ ಜನ ದಿನಾ ಬೆಳಿಗ್ಗೆ ಅಕ್ಕಾ ಅಕ್ಕಾ ಅಂತ ಕಮೆಂಟ್ ಹಾಕುವ ಟೆರೇಸ್ ಅಕ್ಕ, ಅಗಲವಾದ ಹುಲ್ಲಿನ ಟೋಪಿ, ಅಯ್ಯೋ ನೋಡ್ರೀ ಎಷ್ಟು ಪ್ರೀತಿಯಿಂದ ಬರೆಸಿದ್ದೀರಾ, ಬರೀ ಅಕ್ಕ ಅಂತ, ನನಗೆ ಅಳುನೇ ಬರ್ತಿದೆ, ಎದೆಗೆ ಸಿಕ್ಕಿಸಿಕೊಂಡೇ ಬಿಟ್ಟರು, ಕಣ್ಣೊರೆಸಿಕೊಂಡು ಸೆಲ್ಫಿಯೂ ಆಯಿತು, ಒಳ್ಳೇ ಐಡಿಯಾ ಕಣ್ರೀ ಅಂತ ಮ್ಯಾನೇಜರ್ ಬೆನ್ನು ತಟ್ಟಿದ, ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ, ಇವಳು ನಕ್ಕಳು, ನಗುವುದೇ ಇವಳ ಕಸುಬು.

ಬಾಗಿಲಲ್ಲಿ ಅಕ್ಕ. ಕೂದಲು ಇಷ್ಟು ಬೆಳ್ಳಗಾಗಿದೆ, ವಿಡಿಯೋದಲ್ಲಿ ಕೈ ಮಾತ್ರ ಕಾಣುತ್ತದಲ್ಲ, ಕೈಗೆ ವಯಸ್ಸಾಗಿರಲಿಲ್ಲ — ಚಾನೆಲ್ ಹೆಸರೇನು ಮೇಡಂ ಅಂತ ಪಟ್ಟಿ ಹಿಡಿದ ಬಾಗಿಲಿನ ಹುಡುಗ, ಬಕೆಟ್ ತೋಟ, ಲಿಸ್ಟಲ್ಲಿ ಇಲ್ವಲ್ಲ, ಪರವಾಗಿಲ್ಲ ಹಿಂದೆ ಕೂತ್ಕೊಳ್ಳಿ — ಬ್ಯಾಡ್ಜಿಲ್ಲದ ಅಕ್ಕ ಕೊನೆಯ ಸಾಲಿಗೆ ಹೋಗುತ್ತಾಳೆ, ಏನೂ ಬೇಡ ಅಂದಿದ್ದರೂ ಚೀಲದಲ್ಲಿ ಏನೋ ಗಿಡ ತಂದಿದ್ದಾಳೆ, ಎರಡೆಲೆ ಹೊರಗೆ ಇಣುಕುತ್ತಿದೆ, ಓಡಿ ಹೋಗಬೇಕು, ಆದರೆ ಮ್ಯಾನೇಜರ್ ಆಗಲೇ ಮೈಕು ಕೈಗಿಟ್ಟು ವೇದಿಕೆಗೆ ತಳ್ಳಿದ, ಮಣ್ಣಿನ ಮೊದಲ ಚೀಲ ಬಿಚ್ಚೋಕೆ ಟೆರೇಸ್ ಅಕ್ಕನ್ನ ಕರೀರಿ, ಅಕ್ಕಾ ಅಂತಾನೇ ಕರೀರಿ, ಫ್ಯಾನ್ಸ್‌ಗೆ ಖುಷಿ, ಸರಿ, ಉಸಿರು ಎಳೆದುಕೊಂಡಳು, ಅಕ್ಕಾ — ಗಂಟಲು ತನ್ನಷ್ಟಕ್ಕೆ ತಾನೇ ರಾಗ ಎಳೆಯಿತು, ಮೆಟ್ಟಿಲ ಕೆಳಗೆ ನಿಂತು ಮಹಡಿಯ ಮೇಲಿರುವವಳನ್ನು ಕೂಗುವ ಹಾಗೆ, ಕೊನೆಯ ಸಾಲಿನಲ್ಲಿ ಅಕ್ಕ ಎದ್ದಳು, ಯೋಚಿಸಲೂ ಇಲ್ಲ, ಕೂಗಿದರೆ ಏಳುವುದಷ್ಟೇ ಗೊತ್ತಿರುವವಳ ಹಾಗೆ ಎದ್ದಳು, ಮೊದಲ ಸಾಲಿನಲ್ಲೂ ಎದ್ದದ್ದಾಯಿತು, ಚಪ್ಪಾಳೆ, ಹುಲ್ಲಿನ ಟೋಪಿ ಮೆಟ್ಟಿಲೇರುತ್ತಿದೆ, ನಲವತ್ತು ಫೋನು ಅತ್ತ ತಿರುಗಿವೆ, ಇವರಲ್ಲ, ನಿನ್ನನ್ನೇ ಕರೆದದ್ದು ಅನ್ನಬಹುದು, ಈಗಲೇ, ಮೈಕು ಇನ್ನೂ ಕೈಯಲ್ಲಿದೆ, ಅನ್ನು, ಅನ್ನೇ — ಅಕ್ಕ ಪೂರ್ತಿ ಎದ್ದಿಲ್ಲ, ಕೂತೂ ಇಲ್ಲ, ಮಂಡಿ ಬಾಗಿದೆ, ಒಂದು ಕೈ ಮುಂದಿನ ಕುರ್ಚಿಯ ಬೆನ್ನ ಮೇಲೆ, ಕಣ್ಣು ಇವಳ ಮೇಲೆ, ಮ್ಯಾನೇಜರ್ ಮೈಕಿಗೆ ಕೈ ಚಾಚಿದ, ಕೊಟ್ಟಳು, ಕೊಟ್ಟೇಬಿಟ್ಟಳು, ಮಂಡಿ ಬಾಗಿದೆ, ಒಂದು ಕೈ ಕುರ್ಚಿಯ ಬೆನ್ನ ಮೇಲೆ, ಅರ್ಧ ಎದ್ದ ಅಕ್ಕ, ಅರ್ಧ ಎದ್ದ